ಹಳ್ಳದ ಯಾವ ಬದಿ ಇದ್ದೀರಿ ಸಾರ್?

ವೈಟ್‌ಫೀಲ್ಡ್ ಕಡೆ ಕೆಲಸ ಮಾಡುವ ಯಾರನ್ನಾದರೂ ಕೇಳಿ ನೋಡಿ, ಈ ಅನುಭವ ಆಗದವರು ಸಿಗಲ್ಲ. ಸಂಜೆ ಆರೂವರೆಗೆ ಆಫೀಸಿನ ಗೇಟಿನ ಮುಂದೆ ನಿಂತು ಕ್ಯಾಬ್ ಬುಕ್ ಮಾಡಿರ್ತೀರಿ. ಮೊಬೈಲ್‌ನಲ್ಲಿ ಪುಟ್ಟ ಕಾರು ತೆವಳುತ್ತಾ ಬಂದು ನಿಮ್ಮ ಪಕ್ಕದಲ್ಲೇ ನಿಂತ ಹಾಗೆ ಕಾಣತ್ತೆ. ಕಣ್ಣೆತ್ತಿದರೆ ಕಾರೇ ಇಲ್ಲ. ಅಷ್ಟರಲ್ಲಿ ಫೋನು: "ಸಾರ್, ಲೊಕೇಶನ್‌ಗೆ ಬಂದಿದೀನಿ, ಎಲ್ಲಿದೀರಾ?" ಆ ಪುಣ್ಯಾತ್ಮ ರಸ್ತೆಯ ಆಚೆ ಬದಿ ನಿಂತು ಕೈ ಬೀಸ್ತಿರ್ತಾನೆ. ಮಧ್ಯದಲ್ಲಿ ಡಿವೈಡರು, ಮೆಟ್ರೊ ಕಂಬಗಳ ಸಾಲು. ಯು-ಟರ್ನ್ ಎಲ್ಲೋ ದೂರದಲ್ಲಿ.

ಬೈಕೊಂಡು ಸುಮ್ಮನಾಗ್ತೀವಿ. ನಾನೂ ಹಾಗೇ ಸುಮ್ಮನಿದ್ದೆ. ಕಳೆದ ದಸರಾ ರಜೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳದ ಪಕ್ಕ, ನನ್ನ ಹೆಂಡತಿಯ ತಮ್ಮ ಭುಜ ಹಿಡಿದುಕೊಂಡು ಕೂತಿದ್ದಾಗ, ಇದೇ ತಪ್ಪು ಇನ್ನೊಂದು ರೂಪದಲ್ಲಿ ಎದುರಿಗೆ ಬಂತು. ಆವತ್ತು ಆಚೆ ಬದಿಗೆ ಬಂದದ್ದು ಕ್ಯಾಬ್ ಅಲ್ಲ, ನಮ್ಮನ್ನು ಕಾಪಾಡಲು ಹೊರಟ ಜೀಪು.

ತೋಟದ ದಾರಿಯಲ್ಲಿ

ನನಗೆ ಸೈಕಲ್ ಹುಚ್ಚು. ವಾರಪೂರ್ತಿ ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರಿಗೆ ದಪ್ಪ ಟೈರಿನ ಮೌಂಟನ್ ಬೈಕ್ ಒಂದು ಔಷಧಿ ಇದ್ದ ಹಾಗೆ. ಕಾದಿಟ್ಟ ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ, ಹೋಗಲೂಬಾರದು. ಆದರೆ ನಮ್ಮ ಮಾವನವರ ಸ್ನೇಹಿತರೊಬ್ಬರ ಕಾಫಿ ತೋಟ ದೇವರಮನೆ ಕಡೆಯ ಬೆಟ್ಟದ ಇಳಿಜಾರಿನಲ್ಲಿದೆ. ತೋಟದೊಳಗಿನ ಜೀಪ್ ದಾರಿಗಳಲ್ಲಿ ಎಷ್ಟು ಬೇಕಾದರೂ ಸೈಕಲ್ ಓಡಿಸಿ ಅಂದಿದ್ದರು. ಭಾಮೈದ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದಾನೆ. "ಭಾವ, ನಾನೂ ಬರ್ತೀನಿ" ಅಂತ ಹೊರಟ.

ಮಲೆನಾಡಿನ ಕಾಫಿ ತೋಟ ಹೊರಗಿನಿಂದ ನೋಡಿದವರಿಗೆ ಕಾಡೇ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಮತ್ತಿ ಮರಗಳ ನೆರಳು. ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಕೆಳಗೆ ಕಾಫಿ ಗಿಡ. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಜೀಪ್ ದಾರಿ ಒಂದು ಹಳ್ಳದ ಪಕ್ಕದಲ್ಲೇ ಇಳಿಯುತ್ತಾ ಪಂಪ್‌ಹೌಸ್ ಮುಟ್ಟುತ್ತದೆ. ಹಳ್ಳ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಪೂರ್ವಕ್ಕೂ ಪಶ್ಚಿಮಕ್ಕೂ ಕಡಿದಾದ ಬೆಟ್ಟ. ಆಚೆ ದಡದಲ್ಲಿ ಬೇರೆಯವರ ತೋಟ, ಅವರದೇ ರಸ್ತೆ.

ಹ್ಯಾಂಡಲ್ ಮೇಲೆ ಒಂದು ಹಳೆಯ ಕೈ ಜಿಪಿಎಸ್ ಕಟ್ಟಿದ್ದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಬಿದ್ದರೂ ಒಡೆಯಲ್ಲ, ನೀರಿಗೂ ಜಗ್ಗಲ್ಲ, ಎರಡು ಪೆನ್ಸಿಲ್ ಸೆಲ್ ಹಾಕಿದರೆ ದಿನವಿಡೀ ಓಡತ್ತೆ. ಅದು ಜೊತೆಗಿದ್ದರೆ ನನಗೆ ಒಂಥರಾ ಧೈರ್ಯ.

ಪಂಪ್‌ಹೌಸ್ ಇನ್ನು ಅರ್ಧ ಕಿಲೋಮೀಟರ್ ಇದೆ ಅನ್ನುವಾಗ ಭಾಮೈದನ ಸೈಕಲ್ಲು ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿತು. ಅವನು ಹ್ಯಾಂಡಲ್ ದಾಟಿ ಎಡ ಭುಜದ ಮೇಲೆ ಬಿದ್ದ. ಎದ್ದು ಕೂತ, ಮಾತಾಡಿದ, ತಲೆಗೆ ಹೆಲ್ಮೆಟ್ ಇತ್ತು. ಆದರೆ, "ಭಾವ, ಕೈ ಎತ್ತಕ್ಕಾಗ್ತಿಲ್ಲ" ಅಂದ. ಮುಖ ಬೆವರಿ ಬಿಳಿಚಿಕೊಂಡಿತ್ತು. ಕುತ್ತಿಗೆ ಕೆಳಗಿನ ಮೂಳೆ ಅಂಗಿಯೊಳಗೇ ಗುಬ್ಬಿಯಾಗಿ ಎದ್ದಿದ್ದು ಕಾಣ್ತಿತ್ತು. ಗಂಟೆ ನಾಲ್ಕು ನಲವತ್ತು.

ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕೈ ಜಿಪಿಎಸ್ ಬಿಚ್ಚಿ ಅವನ ಪಕ್ಕದಲ್ಲೇ ನಿಂತು ಅಕ್ಷಾಂಶ, ರೇಖಾಂಶ ಬರೆದುಕೊಂಡೆ. ಅವನನ್ನು ಮರಕ್ಕೆ ಒರಗಿಸಿ, ಮೇಲಿನ ತಿರುವಿಗೆ ಓಡಿದೆ. ಅಲ್ಲಿ ಒಂದು ಕಡ್ಡಿ ಸಿಗ್ನಲ್ ಬಂತು. ತೋಟದ ರೈಟರಿಗೆ ಫೋನ್ ಮಾಡಿದೆ. "ಬಿದ್ದು ಪೆಟ್ಟಾಗಿದೆ, ಜೀಪ್ ಬೇಕು, ಲೊಕೇಶನ್ ಕಳಿಸಿದೀನಿ" ಅನ್ನುವಷ್ಟರಲ್ಲಿ ಕಟ್ ಆಯ್ತು. ಅಂಕಿಗಳು ಮಾತ್ರ ವಾಟ್ಸ್ಯಾಪ್‌ನಲ್ಲಿ ಹೋದವು. ನೀಲಿ ಗೆರೆ ಬಿತ್ತು. ಇಂಜಿನಿಯರ್ ಆದವನಿಗೆ ಇನ್ನೇನು ಬೇಕು? ದಶಾಂಶ ಬಿಂದು ಆದ ಮೇಲೆ ಐದು ಅಂಕಿ. ಕೆಲಸ ಮುಗೀತು ಅಂದುಕೊಂಡು ವಾಪಸ್ ಬಂದು ಭಾಮೈದನ ಪಕ್ಕ ಕೂತೆ.

ಐದೂವರೆಗೆ ಜೀಪಿನ ಲೈಟು ಕಂಡಿತು. ಆಚೆ ದಡದಲ್ಲಿ.

ನಾವು ಕೂಗಿದ್ವಿ. ಹಳ್ಳ ತುಂಬಿ ಭೋರ್ಗರೆಯುತ್ತಿತ್ತು, ನಮ್ಮ ದನಿ ನಮಗೇ ಕೇಳ್ತಿರಲಿಲ್ಲ. ಆಚೆ ಇಬ್ಬರು ಇಳಿದು ಪೊದೆಗಳಲ್ಲಿ ಟಾರ್ಚ್ ಬಿಟ್ಟು ಹುಡುಕುತ್ತಿದ್ದರು. ನಮ್ಮಿಂದ ಅರವತ್ತು ಮೀಟರ್ ಕೂಡ ಇರಲಿಲ್ಲ. ನಾನು ಮೊಬೈಲ್ ಟಾರ್ಚ್ ಹತ್ತಿಸಿ ಬೀಸಿದ ಮೇಲೆ ಅವರು ನೋಡಿದರು. ಆದರೆ ಆ ನೀರು ದಾಟುವಂತಿರಲಿಲ್ಲ. ಜೀಪು ವಾಪಸ್ ಹೋಗಿ, ಕೆಳಗಿನ ಸೇತುವೆ ಬಳಸಿ, ನಮ್ಮ ತೋಟದ ಗೇಟು ಹೊಕ್ಕು ಬರುವಷ್ಟರಲ್ಲಿ ಆರೂ ಮುಕ್ಕಾಲು. ಪೂರ್ತಿ ಕತ್ತಲು. ಆ ಕಡೆ ಕಾಡಾನೆಗಳ ಓಡಾಟ ಇರುವುದರಿಂದ ತೋಟದ ಆಳುಗಳು ಕತ್ತಲಾಗುವ ಮುಂಚೆಯೇ ಲೈನ್ ಮನೆ ಸೇರಿಕೊಳ್ಳುತ್ತಾರೆ. ಆ ಒಂದೂಕಾಲು ಗಂಟೆ ಪ್ರತಿ ಕೊಂಬೆ ಮುರಿದ ಸದ್ದಿಗೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದೇವೆ. ಅತ್ತೆಗೆ ಇರುವುದು ಒಬ್ಬನೇ ಮಗ. ನನ್ನನ್ನು ನಂಬಿ ಕಳಿಸಿದ್ದರು.

ಜೀಪಿನಿಂದ ಇಳಿದ ರೈಟರು ಬೈಯಲಿಲ್ಲ. ಮೊದಲು ಹುಡುಗನ ಕೈಯನ್ನು ತಮ್ಮ ಪಂಚೆಯಿಂದ ಎದೆಗೆ ಕಟ್ಟಿ ಜೋಳಿಗೆ ಮಾಡಿದರು. ಆಮೇಲೆ ಅಂದರು: "ಎಂತ ಮಾರಾಯ್ರೆ, ನೀವು ಆಚೆ ಬದಿ ಅಂತ ಮ್ಯಾಪು ತೋರಿಸ್ತಿತ್ತು. ಹಳ್ಳದ ಯಾವ ಬದಿ ಇದ್ದೀರಿ ಸಾರ್ ಅಂತ ಕೇಳುವ ಅಂದ್ರೆ ಫೋನೇ ಹೋಗ್ಲಿಲ್ಲ. ಪಂಪ್‌ಹೌಸಿನ ಬದಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

ಅಪ್ಪ ಕೇಳಿದ ಪ್ರಶ್ನೆ

ಭುಜದ ಮೂಳೆಗೆ ಆಪರೇಷನ್ ಬೇಕಾಗಲಿಲ್ಲ. ಆರು ವಾರ ಜೋಳಿಗೆ, ಆಮೇಲೆ ವ್ಯಾಯಾಮ. ಈಗ ಅವನು ಆರಾಮಾಗಿದ್ದಾನೆ. ಆದರೆ ನನಗೆ ಆ ಅಂಕಿಗಳು ತಲೆಯಿಂದ ಹೋಗಲಿಲ್ಲ. ಮಷೀನು ಕೆಟ್ಟಿತ್ತಾ? ನಾನು ತಪ್ಪು ಬರೆದೆನಾ? ಜಿಪಿಎಸ್ ತೆಗೆದು ನೋಡಿದರೆ ನಾನು ಬರೆದದ್ದು ಸರಿಯಾಗೇ ಇತ್ತು. ಅಷ್ಟೇ ಅಲ್ಲ, ಅದು ದಾಖಲಿಸಿದ ಜಾಡಿನ ಪ್ರಕಾರ ನಾವು ಮೂರು ಸಲ ಹಳ್ಳ ದಾಟಿದ್ದೆವು. ನಾವು ಒಮ್ಮೆಯೂ ದಾಟಿರಲಿಲ್ಲ!

ನಮ್ಮ ಅಪ್ಪ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ಅವರಿಗೆ ಉಪಗ್ರಹ, ಸಾಫ್ಟ್‌ವೇರ್ ಯಾವುದೂ ಬೇಡ. ಕಥೆಯೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಅಲ್ಲ ಕಣೋ, ಸೈಜ್ ಕಳಿಸ್ದೆ ಸರಿ. ಟಾಲರೆನ್ಸ್ ಎಷ್ಟು ಅಂತ ಕಳಿಸಿದ್ಯಾ?"

ಕಾರ್ಖಾನೆ ಗೊತ್ತಿಲ್ಲದವರಿಗೆ: ಒಂದು ಶಾಫ್ಟ್ 25 ಮಿಲಿಮೀಟರ್ ದಪ್ಪ ಇರಬೇಕು ಅಂತ ಬರೆದರೆ ಸಾಲದು. ಎಷ್ಟು ಹೆಚ್ಚು, ಎಷ್ಟು ಕಡಿಮೆ ಆದರೆ ನಡೆಯುತ್ತದೆ ಅಂತಲೂ ಬರೆಯಬೇಕು. "ಟಾಲರೆನ್ಸ್ ಹಾಕದ ಡ್ರಾಯಿಂಗ್ ಬಂದ್ರೆ ನಾನು ಜಾಬೇ ಮುಟ್ತಿರ್ಲಿಲ್ಲ" ಅಂದರು ಅಪ್ಪ. ನನ್ನ ಜಿಪಿಎಸ್ ಪಾಪ, ಮೂಲೆಯಲ್ಲಿ "± 38 ಮೀ" ಅಂತ ತೋರಿಸಿತ್ತು. ನಾನು ಐದು ದಶಾಂಶ ಬರೆದುಕೊಂಡೆ, ಅದನ್ನು ಬಿಟ್ಟೆ.

ಇದು ನನ್ನೊಬ್ಬನ ತಪ್ಪಲ್ಲ. ವಾಟ್ಸ್ಯಾಪ್‌ನಲ್ಲಿ ಲೊಕೇಶನ್ ಕಳಿಸುವಾಗ ಗಮನಿಸಿ: ಇಷ್ಟು ಮೀಟರ್‌ವರೆಗೆ ನಿಖರ ಅಂತ ಕಳಿಸುವವರಿಗೆ ಕಾಣುತ್ತದೆ. ಪಡೆದವರಿಗೆ ಬರುವುದು ಬರೀ ಒಂದು ಪಿನ್ನು. ಟಾಲರೆನ್ಸ್ ದಾರಿಯಲ್ಲೇ ಉದುರಿಹೋಗಿರುತ್ತದೆ.

ಆಕಾಶದ ಪಿಸುಮಾತು

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಜಿಪಿಎಸ್ ಇದ್ದರೆ ಉಪಗ್ರಹಕ್ಕೆ ನಾವಿರುವ ಜಾಗ ಗೊತ್ತಾಗುತ್ತದೆ ಅಂತ ನಮ್ಮಮ್ಮ ಇವತ್ತಿಗೂ ನಂಬಿದ್ದಾರೆ. ಹಾಗಿಲ್ಲ. ಜಿಪಿಎಸ್ ಅನ್ನುವುದು ರೇಡಿಯೊ ಇದ್ದ ಹಾಗೆ. ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಕಳಿಸುವುದಿಲ್ಲ. ಅದಕ್ಕೆ ಸಿಮ್ ಬೇಡ, ಡೇಟಾ ಬೇಡ. ನಕ್ಷೆ ತರಿಸಿಕೊಳ್ಳಲು, ಜಾಗವನ್ನು ಬೇರೆಯವರಿಗೆ ತಿಳಿಸಲು ಮಾತ್ರ ಮೊಬೈಲ್ ನೆಟ್‌ವರ್ಕ್ ಬೇಕು.

ಅಮೆರಿಕದ ಜಿಪಿಎಸ್‌ನ 30ರ ಆಸುಪಾಸು ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ "ನಾನು ಇಂಥವನು, ಇಲ್ಲಿದ್ದೇನೆ, ಈಗ ಗಂಟೆ ಇಷ್ಟು" ಅಂತ ಸಾರುತ್ತಲೇ ಇರುತ್ತದೆ. ಆ ಮಾತು ನಮ್ಮನ್ನು ತಲುಪಲು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಬೇಕು. ಎಷ್ಟು ತಡವಾಗಿ ಬಂತು ಅನ್ನುವುದರಿಂದ ದೂರ ಲೆಕ್ಕ ಹಾಕಬಹುದು. ಕನಿಷ್ಠ ನಾಲ್ಕು ಉಪಗ್ರಹಗಳಿಂದ ದೂರ ಸಿಕ್ಕರೆ ನಾವಿರುವ ಜಾಗ ಸಿಗುತ್ತದೆ. ಮೂರು ಜಾಗಕ್ಕೆ, ನಾಲ್ಕನೆಯದು ನಮ್ಮ ಕೈಯಲ್ಲಿರುವ ಅಗ್ಗದ ಗಡಿಯಾರದ ತಪ್ಪು ತಿದ್ದಲು. ಇಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ!

2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರ ಸಿಗ್ನಲ್ಲಿಗೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಆಗ ನೂರು ಮೀಟರ್ ಆಚೀಚೆ ಆಗುವುದು ಮಾಮೂಲು. ಅದನ್ನು ನಿಲ್ಲಿಸಿದ ಮೇಲೆಯೇ ಈ ಕ್ಯಾಬು, ಊಟದ ಡೆಲಿವರಿ ಎಲ್ಲ ಸಾಧ್ಯವಾಗಿದ್ದು. ಈಗ ತೆರೆದ ಬಯಲಿನಲ್ಲಿ ನಿಂತರೆ ಸಾಮಾನ್ಯ ಮೊಬೈಲ್ ಕೂಡ ಕೆಲವೇ ಮೀಟರ್‌ಗಳ ಒಳಗೆ ಜಾಗ ಹೇಳುತ್ತದೆ.

"ತೆರೆದ ಬಯಲಿನಲ್ಲಿ" ಅನ್ನುವ ಮಾತಿನಲ್ಲೇ ಎಲ್ಲ ಇದೆ. ಯಾಕೆಂದರೆ ಆ ಸಿಗ್ನಲ್ ನೆಲ ಮುಟ್ಟುವಾಗ ಅಷ್ಟು ಕ್ಷೀಣ. ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಕೂಗಲ್ಲ ಅದು, ಪಿಸುಮಾತು.

ಈ ಪಿಸುಮಾತಿಗೆ ನೀರು ಶತ್ರು. ಮರದ ಎಲೆ, ಕೊಂಬೆ, ಕಾಂಡಗಳಲ್ಲಿ ತುಂಬಿರುವುದು ನೀರೇ. ಮಳೆಯಲ್ಲಿ ನೆನೆದ ದಟ್ಟ ಎಲೆಗಳು ಸಿಗ್ನಲ್ಲನ್ನು ಹೀರುತ್ತವೆ, ಚದುರಿಸುತ್ತವೆ. ದಪ್ಪ ಕಾಂಡ ಅಡ್ಡ ಬಂದರೆ ಇನ್ನೂ ಕಷ್ಟ. ನಮ್ಮ ಮೈಯಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ. ಜಿಪಿಎಸ್ಸನ್ನು ಹೊಟ್ಟೆ ಮೇಲಿನ ಜೇಬಿನಲ್ಲಿಟ್ಟು ಹ್ಯಾಂಡಲ್ ಮೇಲೆ ಬಗ್ಗಿದರೆ ಅರ್ಧ ಆಕಾಶವನ್ನು ನಾವೇ ಮುಚ್ಚಿದಂತೆ.

ಚಪ್ಪರದ ಕಂಬ

ಆದರೆ ಆವತ್ತಿನ ತಪ್ಪಿಗೆ ಎಲೆ ಒಂದೇ ಕಾರಣ ಅಲ್ಲ. ಇನ್ನೆರಡು ಕಾರಣ ಇತ್ತು. ಇದು ತಿಳಿದ ದಿನ ನನಗೆ ಕ್ಯಾಬಿನ ಒಗಟೂ ಬಿಡಿಸಿತು.

ಮೊದಲನೆಯದು ಪ್ರತಿಧ್ವನಿ. ಬೆಟ್ಟದ ಎದುರು ನಿಂತು ಕೂಗಿದರೆ ದನಿ ಮರಳಿ ಬರುತ್ತದಲ್ಲ, ಹಾಗೆ ಉಪಗ್ರಹದ ಸಿಗ್ನಲ್ಲೂ ಬಂಡೆ, ಒದ್ದೆ ಇಳಿಜಾರು, ಗಾಜಿನ ಕಟ್ಟಡಗಳಿಗೆ ಬಡಿದು ಬರುತ್ತದೆ. ನೇರ ದಾರಿಯನ್ನು ಬೆಟ್ಟವೋ ಮರವೋ ಮುಚ್ಚಿ, ಬಡಿದು ಬಂದದ್ದೇ ಜೋರಾಗಿ ಕೇಳಿದರೆ, ಪಾಪದ ಯಂತ್ರ ಅದನ್ನೇ ನಿಜ ಅಂದುಕೊಳ್ಳುತ್ತದೆ. ಸುತ್ತಿ ಬಂದ ದಾರಿ 60 ಮೀಟರ್ ಹೆಚ್ಚಾದರೆ ಆ ಉಪಗ್ರಹ 60 ಮೀಟರ್ ದೂರ ಸರಿದಂತೆ ಲೆಕ್ಕ.

ಎರಡನೆಯದು ದಿಕ್ಕು. ಮದುವೆ ಮನೆ ಚಪ್ಪರದ ಕಂಬ ನೆನಪಿಸಿಕೊಳ್ಳಿ. ಅದು ಅಲ್ಲಾಡದೆ ನಿಲ್ಲಬೇಕಾದರೆ ನಾಲ್ಕೂ ಕಡೆಯಿಂದ ಹಗ್ಗ ಎಳೆದು ಕಟ್ಟಬೇಕು. ಮುಂದೆ, ಹಿಂದೆ ಮಾತ್ರ ಕಟ್ಟಿ ಎಡಬಲ ಬಿಟ್ಟರೆ ಕಂಬ ಪಕ್ಕಕ್ಕೆ ವಾಲುತ್ತದೆ. ಜಿಪಿಎಸ್ಸಿಗೆ ಉಪಗ್ರಹಗಳೇ ಹಗ್ಗ. ಉತ್ತರ-ದಕ್ಷಿಣಕ್ಕೆ ಹರಿಯುವ ಹಳ್ಳದ ಕಣಿವೆಯಲ್ಲಿ ನಿಂತರೆ ಪೂರ್ವ, ಪಶ್ಚಿಮದ ಉಪಗ್ರಹಗಳನ್ನು ಬೆಟ್ಟ ಮುಚ್ಚುತ್ತದೆ. ಕಾಣುವುದು ನೆತ್ತಿಯ ಮೇಲಿನ ಮತ್ತು ಹಳ್ಳದ ಉದ್ದಕ್ಕೂ ಇರುವ ಆಕಾಶದ ಒಂದು ಪಟ್ಟಿ. ಹಾಗಾಗಿ ಹಳ್ಳದ ಉದ್ದಕ್ಕೆ ನಾವೆಲ್ಲಿದ್ದೇವೆ ಅನ್ನುವುದನ್ನು ಯಂತ್ರ ತಕ್ಕಮಟ್ಟಿಗೆ ಸರಿಯಾಗೇ ಹೇಳುತ್ತದೆ. ಅಡ್ಡಕ್ಕೆ ಮಾತ್ರ ಕಂಬ ವಾಲುತ್ತದೆ.

ಅಂದರೆ ಕಣಿವೆಯಲ್ಲಿ ತಪ್ಪು ಎಲ್ಲ ಕಡೆಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಯಾವ ದಡ ಅನ್ನುವ ಪ್ರಶ್ನೆಯಲ್ಲೇ ಅದು ಹೆಚ್ಚು. ನಮಗೆ ತೀರಾ ಬೇಕಾದ ಉತ್ತರ ಯಾವುದೋ, ಯಂತ್ರ ಅದರಲ್ಲೇ ದುರ್ಬಲ.

ವೈಟ್‌ಫೀಲ್ಡ್ ರಸ್ತೆಯಲ್ಲೂ ಇದೇ ಕತೆ. ಎರಡೂ ಬದಿ ಎತ್ತರದ ಗಾಜಿನ ಕಟ್ಟಡಗಳು, ಮಧ್ಯೆ ಆಕಾಶದ ಪಟ್ಟಿ, ಅದರಲ್ಲೂ ಮೆಟ್ರೊ ಸೇತುವೆ ಒಂದಿಷ್ಟು ನುಂಗುತ್ತದೆ. ಅದಕ್ಕೇ ಕ್ಯಾಬು ಸರಿಯಾದ ಗೇಟಿನ ನೇರಕ್ಕೇ ಬರುತ್ತದೆ, ಆದರೆ ಎದುರು ಬದಿಗೆ! ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲಿದ್ದೀರೋ ಕೆಳಗಿದ್ದೀರೋ ಅಂತ ಆ್ಯಪ್ ಗೊಂದಲಕ್ಕೆ ಬೀಳುವುದೂ ಇದರ ತಮ್ಮನೇ. ಉಪಗ್ರಹಗಳೆಲ್ಲ ಮೇಲೇ ಇರುವುದರಿಂದ, ಕೆಳಗಿನಿಂದ ಎಳೆಯುವ ಹಗ್ಗ ಯಾವತ್ತೂ ಇಲ್ಲ. ಅದಕ್ಕೇ ಎತ್ತರದ ಲೆಕ್ಕ ಸಾಮಾನ್ಯವಾಗಿ ಜಾಗದ ಲೆಕ್ಕಕ್ಕಿಂತ ಹೆಚ್ಚು ತಪ್ಪುತ್ತದೆ.

ಜನವರಿಯಲ್ಲಿ ಮತ್ತೆ ಆ ತೋಟಕ್ಕೆ ಹೋದೆ, ಈ ಸಲ ಸೈಕಲ್ ಇಲ್ಲದೆ. ಭಾಮೈದ ಬಿದ್ದ ಕಲ್ಲಿನ ಮೇಲೆ ಜಿಪಿಎಸ್ ಇಟ್ಟು ಒಂದು ಗಂಟೆ ಸುಮ್ಮನೆ ಕೂತೆ. ಕಲ್ಲು ಅಲುಗಲಿಲ್ಲ. ಆದರೆ ಜಿಪಿಎಸ್ ಬರೆದ ಚುಕ್ಕಿಗಳು ಹಳ್ಳದ ಉದ್ದಕ್ಕೆ ಹದಿನೈದು ಮೀಟರ್, ಅಡ್ಡಕ್ಕೆ ನಲವತ್ತೈದು ಮೀಟರ್ ಹರಡಿದ್ದವು. ಕೆಲವು ಚುಕ್ಕಿಗಳು ಆರಾಮಾಗಿ ಆಚೆ ದಡದಲ್ಲಿ ಕೂತಿದ್ದವು. ಅದೇ ಯಂತ್ರವನ್ನು ಕಾಡುಗೋಡಿಯ ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ಇಟ್ಟರೆ ಎಲ್ಲ ಚುಕ್ಕಿಗಳೂ ಒಂದು ಕೋಣೆಯೊಳಗೆ ಹಿಡಿಸುತ್ತವೆ. ಯಂತ್ರ ಕೆಟ್ಟಿರಲಿಲ್ಲ.

ನಮ್ಮ ಪೀಣ್ಯ, ನಮ್ಮ ಬ್ಯಾಲಾಳು

ಚಿಕ್ಕವನಿದ್ದಾಗ ಅಪ್ಪನ ಸ್ಕೂಟರ್ ಹಿಂದೆ ಕೂತು ಹೋಗುವಾಗ ಪೀಣ್ಯದ ಶೆಡ್ಡುಗಳ ನಡುವೆ ಇಸ್ರೋದ ಕಾಂಪೌಂಡು ಕಾಣ್ತಿತ್ತು. ಅದು ಇಸ್ಟ್ರಾಕ್, ಉಪಗ್ರಹಗಳ ಜಾಡು ಹಿಡಿದು ಆಜ್ಞೆ ಕೊಡುವ ಕೇಂದ್ರ. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಗೆ ಬೇಕಾದ ನ್ಯಾವಿಗೇಷನ್ ಕೇಂದ್ರವೂ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲೇ ಇದೆ. 2013ರ ಮೇ 28ರಂದು ಉದ್ಘಾಟನೆಯಾಯಿತು. ಅದೇ ವರ್ಷ ಜುಲೈ 1ರಂದು ನಾವಿಕ್‌ನ ಮೊದಲ ಉಪಗ್ರಹ ಹಾರಿತು. ಏಳನೆಯದು 2016ರ ಏಪ್ರಿಲ್ 28ರಂದು.

ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದು, ಭಾರತದ ಕಡೆಗೇ ಮುಖ ಮಾಡಿರುತ್ತವೆ. ಅವುಗಳ ವಿನ್ಯಾಸದಲ್ಲಿ 83 ಡಿಗ್ರಿ ಪೂರ್ವ ರೇಖಾಂಶಕ್ಕೂ ಒಂದು ಸ್ಥಾನ ಇದೆ. ಮೂಡಿಗೆರೆಯಲ್ಲಿ ನಿಂತು ನೋಡಿದರೆ ಅದು ಆಕಾಶದಲ್ಲಿ ತುಂಬಾ ಎತ್ತರ, ಬೆಟ್ಟ ಅದನ್ನು ಮುಚ್ಚುವುದು ಕಷ್ಟ. ಇದು ಕಣಿವೆಯಲ್ಲಿರುವವರಿಗೆ ಒಳ್ಳೆಯ ಸುದ್ದಿ. ಆದರೆ ಹಾದಿ ಸಲೀಸಾಗಿಲ್ಲ. ಮೊದಲ ಸಾಲಿನ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವನ್ನು ಹೊತ್ತೊಯ್ದಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಅಂದುಕೊಂಡ ಕಕ್ಷೆ ತಲುಪಲಿಲ್ಲ.

ಈಗಿನ ಮೊಬೈಲ್‌ಗಳು ಜಿಪಿಎಸ್ ಒಂದನ್ನೇ ಅಲ್ಲ, ರಷ್ಯಾದ ಗ್ಲೊನಾಸ್, ಯೂರೋಪಿನ ಗೆಲಿಲಿಯೊ, ಚೀನಾದ ಬೈದೌ ಎಲ್ಲವನ್ನೂ ಕೇಳಿಸಿಕೊಳ್ಳುತ್ತವೆ. ಕೆಲವು ಎಲ್1, ಎಲ್5 ಎಂಬ ಎರಡು ತರಂಗಾಂತರಗಳನ್ನೂ ಹಿಡಿಯುತ್ತವೆ. ಇದರಲ್ಲಿ ಎಲ್5 ಸಿಗ್ನಲ್ಲಿಗೆ ನೇರವಾಗಿ ಬಂದದ್ದನ್ನೂ ಬಡಿದು ಬಂದದ್ದನ್ನೂ ಬೇರ್ಪಡಿಸುವ ಶಕ್ತಿ ಹೆಚ್ಚು. ಹಾಗಾಗಿ ನನ್ನ ಹಳೆಯ ಕೈ ಜಿಪಿಎಸ್‌ಗಿಂತ ಇವತ್ತಿನ ಒಳ್ಳೆಯ ಮೊಬೈಲೇ ಕಾಡಿನಲ್ಲಿ ಮೇಲಾಗಿರಬಹುದು. ಆದರೂ ಹಗ್ಗದ ಲೆಕ್ಕ ತಪ್ಪುವುದಿಲ್ಲ. ಬೆಟ್ಟ ಮುಚ್ಚಿದ್ದನ್ನು ಯಾವ ಮೊಬೈಲೂ ನೋಡಲಾರದು.

ಮೊಬೈಲ್ ನಕ್ಷೆಯ ನೀಲಿ ಚುಕ್ಕಿಯ ಸುತ್ತ ತೆಳು ನೀಲಿ ವೃತ್ತ ಇರುತ್ತದಲ್ಲ, ಅದೇ ಅಪ್ಪ ಕೇಳಿದ ಟಾಲರೆನ್ಸ್. ಆಂಡ್ರಾಯ್ಡ್ ಲೆಕ್ಕದಲ್ಲಿ ನೀವು ಆ ವೃತ್ತದೊಳಗೆ ಇರುವ ಸಂಭವ ಶೇ 68. ಅಂದರೆ ಮೂರರಲ್ಲಿ ಒಂದು ಸಲ ಹೊರಗೇ ಇರಬಹುದು!

ನೀವು ಹೊರಡುವ ಮುನ್ನ

ಕಾಡಂಚಿಗೆ, ಬೆಟ್ಟಕ್ಕೆ ಹೋಗುವವರು, ಮಕ್ಕಳನ್ನು ಟ್ರೆಕ್ಕಿಂಗಿಗೆ ಕಳಿಸುವ ಅಪ್ಪ-ಅಮ್ಮಂದಿರು ಇವಿಷ್ಟು ನೆನಪಿಟ್ಟುಕೊಂಡರೆ ಸಾಕು.

• ಜಿಪಿಎಸ್ಸನ್ನು ಮರದ ಕೆಳಗೆ ಹೋದ ಮೇಲೆ ಆನ್ ಮಾಡಬೇಡಿ. ಪ್ರತಿ ಉಪಗ್ರಹದ ವಿವರ ಓದಿಕೊಳ್ಳಲು ಅದಕ್ಕೆ ತಡೆಯಿಲ್ಲದ ಅರ್ಧ ನಿಮಿಷವಾದರೂ ಬೇಕು. ಎಲೆ, ಕೊಂಬೆ ಅಡ್ಡ ಬಂದು ಮಧ್ಯೆ ಮಧ್ಯೆ ಕಡಿದರೆ ಓದು ಮುಗಿಯುವುದೇ ಇಲ್ಲ. ಊರಲ್ಲಿ ಮೊಬೈಲ್ ಈ ವಿವರವನ್ನು ನೆಟ್‌ವರ್ಕಿನಿಂದ ತರಿಸಿಕೊಳ್ಳುತ್ತದೆ, ಕಾಡಿನಲ್ಲಿ ಆ ಸೌಲಭ್ಯ ಇಲ್ಲ. ನಾನೀಗ ಹೊರಡುವ ಮುಂಚೆ ಕಾಫಿ ಒಣಗಿಸುವ ಕಣದಲ್ಲಿ ಐದು ನಿಮಿಷ ಇಟ್ಟು ಆಮೇಲೆ ಹೊರಡುತ್ತೇನೆ.

• ಹೋಗುವ ಪ್ರದೇಶದ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

• ಜಿಪಿಎಸ್ ಆಕಾಶ ನೋಡುವಂತಿರಲಿ. ಬ್ಯಾಗಿನ ಮೇಲ್ಪಟ್ಟಿ, ಭುಜದ ಪಟ್ಟಿ ಒಳ್ಳೆಯ ಜಾಗ. ಒದ್ದೆ ರೇನ್‌ಕೋಟಿನೊಳಗೆ ಬೇಡ.

• ಅಪಾಯದ ಸಮಯದಲ್ಲಿ ಒಂದೇ ಸಲ ನೋಡಿ ಅಂಕಿ ಬರೆಯಬೇಡಿ. ಐದಾರು ನಿಮಿಷ ಬಿಟ್ಟು ಮತ್ತೆ ನೋಡಿ. ಹತ್ತಿರದಲ್ಲಿ ಮರ ತೆರಪಾದ ಜಾಗ ಇದ್ದರೆ ಅಲ್ಲಿಂದಲೂ ಒಂದು ಲೆಕ್ಕ ತಗೊಳ್ಳಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದ್ದರೆ ಅದನ್ನೂ ತಿಳಿಸಿ.

• ಅಂಕಿಯ ಜೊತೆ ಮಾತು ಕಳಿಸಿ. ಹಳ್ಳದ ಯಾವ ಬದಿ, ಯಾವ ಗೇಟಿನಿಂದ ಒಳಗೆ ಬಂದಿರಿ, ಪಕ್ಕದಲ್ಲಿ ಪಂಪ್‌ಹೌಸ್ ಇದೆಯಾ, ಗುಡಿ ಇದೆಯಾ, ಕರೆಂಟ್ ಕಂಬದ ಮೇಲೆ ನಂಬರ್ ಇದೆಯಾ. ಕರೆ ಕಟ್ ಆಗಬಹುದು, ಹಾಗಾಗಿ ಮೊದಲು ಹೇಳಬೇಕಾದ್ದು ಇದೇ.

• ಒಂದು ವಿಸಿಲ್ ಇಟ್ಟುಕೊಳ್ಳಿ. ಹಳ್ಳದ ಸದ್ದಿನಲ್ಲಿ ಮನುಷ್ಯನ ದನಿ ಮುಳುಗುತ್ತದೆ, ವಿಸಿಲ್ ತೂರಿಕೊಂಡು ಹೋಗುತ್ತದೆ.

• ವಿದೇಶದಿಂದ ಉಪಗ್ರಹ ಫೋನ್ ತರಿಸಿಕೊಂಡರೆ ಆಯ್ತಲ್ಲ ಅನ್ನಬೇಡಿ. ಭಾರತದಲ್ಲಿ ಅನುಮತಿ ಇಲ್ಲದೆ ಅವನ್ನು ಬಳಸಿದರೆ ಅಪರಾಧ. ಬರೀ ಕೇಳಿಸಿಕೊಳ್ಳುವ ಜಿಪಿಎಸ್‌ಗೆ ಈ ತೊಂದರೆ ಇಲ್ಲ.

ಜನವರಿಯಲ್ಲಿ ಹೋದಾಗ ರೈಟರಿಗೆ ನನ್ನ ಚುಕ್ಕಿಗಳ ನಕ್ಷೆ ತೋರಿಸಿ, ಚಪ್ಪರದ ಕಂಬದ ಕತೆ ಹೇಳಿದೆ. ಗಮನವಿಟ್ಟು ಕೇಳಿದರು. "ಹಾಗಾದ್ರೆ ಉದ್ದಕ್ಕೆ ಸರಿ ಹೇಳ್ತದೆ ಅಂತಾಯ್ತಲ್ಲ. ಅದು ಉದ್ದ ಹೇಳ್ಲಿ, ಯಾವ ಬದಿ ಅಂತ ನೀವು ಹೇಳಿ. ಇಬ್ರೂ ಸೇರಿದ್ರೆ ಸಾಕಲ್ಲ ಸಾರ್" ಅಂದರು. ನಾನು ಒಂದು ಗಂಟೆ ಕಲ್ಲಿನ ಮೇಲೆ ಕೂತು ಕಂಡುಹಿಡಿದದ್ದನ್ನು ಅವರು ಎರಡು ವಾಕ್ಯಕ್ಕೆ ಇಳಿಸಿದರು.

ಮೊನ್ನೆ ಸಂಜೆ ಆಫೀಸಿನ ಮುಂದೆ ಮತ್ತೆ ಕ್ಯಾಬ್ ಬುಕ್ ಮಾಡಿದೆ. ಡ್ರೈವರ್ ಫೋನ್ ಮಾಡುವ ಮುಂಚೆ ನಾನೇ ಮಾಡಿದೆ. "ಅಣ್ಣಾ, ಪಿನ್ ನೋಡ್ಬೇಡಿ. ಮೆಟ್ರೊ ಪಿಲ್ಲರ್ ನಂಬರ್ ಹೇಳ್ತೀನಿ ಬರ್ಕೊಳಿ, ಎಳನೀರು ಗಾಡಿ ಇರೋ ಬದಿ ನಿಂತಿದೀನಿ."

"ಎಳನೀರು ಗಾಡೀನಾ? ಹಾಗ್ ಹೇಳಿ ಸಾರ್, ಗೊತ್ತಾಯ್ತು" ಅಂದ. ನಾಲ್ಕು ನಿಮಿಷಕ್ಕೆ ಬಂದ, ಸರಿಯಾದ ಬದಿಗೆ.